ಊರುಗೋಲು ಹಿಡಿದು ವಿಮಾನ ಹತ್ತಿದವರು

ರೈಟ್ ಸೋದರರ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ 1903ರ ಡಿಸೆಂಬರ್ 17ರವರೆಗೆ ಮಾತ್ರ ಓದಿದ್ದೇವೆ. ಕಿಟ್ಟಿ ಹಾಕ್‌ನ ಮರಳ ದಿಬ್ಬ, ಹನ್ನೆರಡು ಸೆಕೆಂಡುಗಳ ಹಾರಾಟ, ಅಲ್ಲಿಗೆ ಪಾಠ ಮುಗಿಯುತ್ತದೆ. ಇದಾಗಿ ಐದು ವರ್ಷಗಳ ನಂತರ, 1908ರ ಸೆಪ್ಟೆಂಬರ್ 17ರಂದು, ವಾಷಿಂಗ್ಟನ್ ಬಳಿಯ ಫೋರ್ಟ್ ಮೈಯರ್ ಎಂಬಲ್ಲಿ ನಡೆದದ್ದನ್ನು ಪಠ್ಯಪುಸ್ತಕಗಳು ಹೇಳುವುದು ಕಡಿಮೆ. ಅಂದು ಆರ್ವಿಲ್ ರೈಟ್ ಅಮೆರಿಕದ ಸೇನೆಗೆ ತನ್ನ ವಿಮಾನವನ್ನು ಹಾರಿಸಿ ತೋರಿಸುತ್ತಿದ್ದ. ಜೊತೆಯಲ್ಲಿ ಲೆಫ್ಟಿನೆಂಟ್ ಥಾಮಸ್ ಸೆಲ್‌ಫ್ರಿಜ್ ಎಂಬ ಯುವ ಅಧಿಕಾರಿ ಕುಳಿತಿದ್ದ. ಆಕಾಶದಲ್ಲಿ ಪ್ರೊಪೆಲ್ಲರ್ ಮುರಿಯಿತು, ವಿಮಾನ ನೆಲಕ್ಕೆ ಬಿತ್ತು. ಸೆಲ್‌ಫ್ರಿಜ್ ತೀರಿಕೊಂಡ. ವಿಮಾನ ಅಪಘಾತದಲ್ಲಿ ಸತ್ತ ಮೊದಲಿಗನೆಂದು ಇತಿಹಾಸ ಅವನನ್ನು ಗುರುತಿಸುತ್ತದೆ. ಆರ್ವಿಲ್ ಬದುಕಿಕೊಂಡನಾದರೂ ಅವನ ಎಡ ತೊಡೆಯ ಮೂಳೆಯೂ ಪಕ್ಕೆಲುಬುಗಳೂ ಮುರಿದಿದ್ದವು.

ಅವನ ತಂಗಿ ಕ್ಯಾಥರೀನ್ ಡೇಟನ್ ನಗರದಲ್ಲಿ ಶಾಲಾ ಶಿಕ್ಷಕಿ. ಸುದ್ದಿ ತಲುಪಿದ ಕೂಡಲೇ ರಜೆ ಹಾಕಿ ಹೊರಟು ಬಂದಳು. ಸುಮಾರು ಏಳು ವಾರ ಆಸ್ಪತ್ರೆಯಲ್ಲಿ ಅಣ್ಣನ ಪಕ್ಕದಲ್ಲೇ ಇದ್ದಳು. 1909ರ ಜನವರಿಯಲ್ಲಿ ಅಣ್ಣ ತಂಗಿ ಇಬ್ಬರೂ ಹಡಗಿನಲ್ಲಿ ಫ್ರಾನ್ಸ್‌ಗೆ ಹೋದಾಗ ಆರ್ವಿಲ್‌ನ ಕೈಯಲ್ಲಿ ಊರುಗೋಲು ಇತ್ತು. ವಿಮಾನವನ್ನು ಕಂಡುಹಿಡಿದ ಮನುಷ್ಯ ಫ್ರಾನ್ಸಿನ ಪೋ ಪಟ್ಟಣದ ಮೈದಾನದಲ್ಲಿ ಕೋಲೂರಿ ನಿಂತು ಅಣ್ಣ ವಿಲ್ಬರ್ ಹಾರುವುದನ್ನು ನೋಡುತ್ತಿದ್ದ. ಅದೇ ವರ್ಷದ ಬೇಸಿಗೆಯಲ್ಲಿ ಅವನು ಮತ್ತೆ ಫೋರ್ಟ್ ಮೈಯರ್‌ಗೆ ಹೋಗಿ ಬಾಕಿ ಉಳಿದಿದ್ದ ಪರೀಕ್ಷೆಯನ್ನು ಮುಗಿಸಿದ ಎಂಬುದೂ ನಿಜ. ಆದರೆ ಆ ಪೆಟ್ಟಿನ ನೋವು ಅವನನ್ನು ಸಾಯುವವರೆಗೂ ಬಿಡಲಿಲ್ಲ. ಸೊಂಟದ ಮೂಳೆಯಲ್ಲಿ ಬೇರೆ ಬಿರುಕುಗಳಿದ್ದದ್ದು ಎಷ್ಟೋ ವರ್ಷಗಳ ನಂತರ ಎಕ್ಸ್‌ರೇ ತೆಗೆದಾಗ ತಿಳಿಯಿತು. 1918ರ ನಂತರ ಅವನು ಚಾಲಕನಾಗಿ ವಿಮಾನ ಹಾರಿಸಲಿಲ್ಲ.

ಕಾಲಿಗೆ ಪೆಟ್ಟಾದವರ ಮತ್ತು ವಿಮಾನದ ಸಂಬಂಧ ಹೀಗೆ ವಿಮಾನದಷ್ಟೇ ಹಳೆಯದು. ಆದರೂ ವಿಮಾನದ ಬಾಗಿಲು, ಮೆಟ್ಟಿಲು, ಆಸನಗಳ ನಡುವಿನ ಓಣಿ ಎಲ್ಲವೂ ಎರಡು ಗಟ್ಟಿ ಕಾಲುಗಳಿರುವವರಿಗೆಂದೇ ತಯಾರಾದವು. ಉಳಿದವರು ಆ ಬಾಗಿಲನ್ನು ದಾಟಿದ್ದು ಹೇಗೆ ಎಂಬುದನ್ನು ನೋಡಲು ಹೊರಟರೆ ಸ್ವಾರಸ್ಯದ ಸಂಗತಿಗಳೂ ಸಿಗುತ್ತವೆ, ಸಿಟ್ಟು ಬರಿಸುವ ಸಂಗತಿಗಳೂ ಸಿಗುತ್ತವೆ.

ಮೊದಲು ಸ್ವಾರಸ್ಯದ್ದನ್ನೇ ಹೇಳೋಣ. ಲಂಡನ್ ಬಳಿಯ ಹೆಂಡನ್‌ನಲ್ಲಿ 1913ರಲ್ಲಿ ಮಾರ್ಸೆಲ್ ಡಿಸೂಟರ್ ಎಂಬ ಯುವ ವಿಮಾನ ಚಾಲಕ ಅಪಘಾತಕ್ಕೆ ಸಿಕ್ಕಿ ಒಂದು ಕಾಲನ್ನು ಕಳೆದುಕೊಂಡ. ಅವನಿಗೆ ಸಿಕ್ಕಿದ ಮರದ ಕಾಲು ಭಾರವಾಗಿತ್ತು, ಅದನ್ನು ಕಟ್ಟಿಕೊಂಡು ವಿಮಾನ ನಡೆಸುವುದು ಆಗದ ಮಾತು. ಅವನ ತಮ್ಮ ಚಾರ್ಲ್ಸ್‌ಗೆ ಲೋಹದ ಕೆಲಸ ಗೊತ್ತಿತ್ತು. ಅವನು ಡ್ಯುರಾಲ್ಯುಮಿನ್ ಎಂಬ ಹಗುರ ಲೋಹದಿಂದ ಅಣ್ಣನಿಗೊಂದು ಕಾಲು ಮಾಡಿಕೊಟ್ಟ. ಈ ಡ್ಯುರಾಲ್ಯುಮಿನ್ ಅಲ್ಯೂಮಿನಿಯಂನ ಒಂದು ಮಿಶ್ರಲೋಹ. ಜರ್ಮನಿಯಲ್ಲಿ ಹುಟ್ಟಿ, ಜೆಪ್ಪೆಲಿನ್ ವಾಯುನೌಕೆಗಳ ಅಸ್ಥಿಪಂಜರವಾಗಿ, ಮುಂದೆ ವಿಮಾನಗಳ ಮೈಯಾಗಿ ಬಳಕೆಗೆ ಬಂದ ಲೋಹ. ಮಾರ್ಸೆಲ್ ಅದನ್ನು ಕಟ್ಟಿಕೊಂಡು ವರ್ಷದೊಳಗೆ ಮತ್ತೆ ಹಾರಿದ. ಸೋದರರು ಕೃತಕ ಕಾಲುಗಳ ಕಂಪೆನಿಯನ್ನೇ ತೆರೆದರು. ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಬ್ರಿಟನ್ ಒಂದರಲ್ಲೇ ಸುಮಾರು 41 ಸಾವಿರ ಸೈನಿಕರು ಕೈಯನ್ನೋ ಕಾಲನ್ನೋ ಕಳೆದುಕೊಂಡು ಮನೆಗೆ ಮರಳಿದರು. ಅವರ ಪೈಕಿ ಎಷ್ಟೋ ಮಂದಿಯ ಪಾಲಿಗೆ ಈ ಹಗುರ ಲೋಹದ ಕಾಲು ವರದಾನವಾಯಿತು. ವಿಮಾನ ಒಬ್ಬನ ಕಾಲನ್ನು ಕಿತ್ತುಕೊಂಡಿತು, ವಿಮಾನದ ಲೋಹವೇ ಅವನಿಗೆ ಕಾಲಾಯಿತು ಎಂದರೆ ಕಟ್ಟುಕಥೆಯೆಂದು ತೋರಬಹುದು. ಆದರೆ ಇದು ದಾಖಲಾದ ಇತಿಹಾಸ.

ಡಿಸೂಟರ್ ಕಂಪೆನಿಯ ಗಿರಾಕಿಗಳಲ್ಲಿ ಅತ್ಯಂತ ಹೆಸರಾದವನು ಡಗ್ಲಸ್ ಬೇಡರ್. ಬ್ರಿಟಿಷ್ ವಾಯುಸೇನೆಯ ಈ ಯುವ ಅಧಿಕಾರಿ 1931ರ ಡಿಸೆಂಬರ್ 14ರಂದು ನೆಲಕ್ಕೆ ತೀರಾ ಹತ್ತಿರದಲ್ಲಿ ಕಸರತ್ತು ಮಾಡಲು ಹೋಗಿ ಬಿದ್ದ. ಎರಡೂ ಕಾಲು ಹೋದವು. ಲೋಹದ ಕಾಲುಗಳ ಮೇಲೆ ನಡೆಯಲು ಕಲಿತ, ವಿಮಾನ ನಡೆಸಬಲ್ಲೆನೆಂದೂ ತೋರಿಸಿಕೊಟ್ಟ. ಆದರೆ ಎರಡೂ ಕಾಲಿಲ್ಲದವನನ್ನು ಚಾಲಕನಾಗಿ ಇಟ್ಟುಕೊಳ್ಳಲು ವಾಯುಸೇನೆಯ ನಿಯಮಾವಳಿಯಲ್ಲಿ ಅವಕಾಶವಿರಲಿಲ್ಲ. 1933ರಲ್ಲಿ ಅವನನ್ನು ಮನೆಗೆ ಕಳಿಸಿದರು. 1939ರಲ್ಲಿ ಯುದ್ಧ ಶುರುವಾಗಿ ಚಾಲಕರು ಬೇಕಾದಾಗ ಅದೇ ವಾಯುಸೇನೆ ಅವನನ್ನು ವಾಪಸು ಕರೆಯಿತು. ನಿಯಮಗಳು ಯಾವಾಗ ಬಿಗಿಯಾಗುತ್ತವೆ, ಯಾವಾಗ ಸಡಿಲಾಗುತ್ತವೆ ಎಂಬುದನ್ನು ಓದುಗರು ಇಲ್ಲಿ ಗಮನಿಸಬೇಕು. ಮನುಷ್ಯ ಅದೇ, ಕಾಲುಗಳೂ ಅವೇ. ಬದಲಾಗಿದ್ದು ಸರಕಾರದ ಅಗತ್ಯ.

1941ರ ಆಗಸ್ಟ್ 9ರಂದು ಫ್ರಾನ್ಸಿನ ಮೇಲೆ ಬೇಡರ್‌ನ ವಿಮಾನ ಉರುಳಿತು. ಧುಮುಕುವಾಗ ಬಲಗಾಲು ಕಾಕ್‌ಪಿಟ್‌ನಲ್ಲಿ ಸಿಕ್ಕಿಕೊಂಡಿತು. ಪಟ್ಟಿ ಹರಿಯಿತು, ಕಾಲನ್ನು ಅಲ್ಲೇ ಬಿಟ್ಟು ಅವನು ಪ್ಯಾರಾಶೂಟ್‌ನಲ್ಲಿ ಇಳಿದ. ನಿಜವಾದ ಕಾಲಾಗಿದ್ದರೆ ವಿಮಾನದ ಜೊತೆಗೇ ಹೋಗುತ್ತಿದ್ದ ಎಂದು ಆಮೇಲೆ ಜನ ತಮಾಷೆ ಮಾಡಿದ್ದುಂಟು. ಸೆರೆಹಿಡಿದ ಜರ್ಮನ್ನರು ಲಂಡನ್‌ಗೆ ಸುದ್ದಿ ಕಳಿಸಿದರು: ಕಾಲು ತರುವ ವಿಮಾನಕ್ಕೆ ತೊಂದರೆ ಕೊಡುವುದಿಲ್ಲ, ಕಳಿಸಿಕೊಡಿ. ಬ್ರಿಟಿಷರು ಆ ಸೌಜನ್ಯವನ್ನು ಸ್ವೀಕರಿಸಲಿಲ್ಲ. ಆಗಸ್ಟ್ 19ರಂದು ಬಾಂಬ್ ಹಾಕಲು ಹೊರಟ ಬ್ಲೆನ್‌ಹೀಮ್ ವಿಮಾನವೊಂದು ಸೇಂಟ್ ಓಮರ್ ಬಳಿ ಕಾಲಿನ ಪೆಟ್ಟಿಗೆಯನ್ನು ಪ್ಯಾರಾಶೂಟ್ ಕಟ್ಟಿ ಕೆಳಗಿಳಿಸಿ, ಬಾಂಬ್ ಹಾಕುವ ತನ್ನ ದಾರಿಯಲ್ಲಿ ಮುಂದೆ ಹೋಯಿತು. ಯುದ್ಧ ಮನುಷ್ಯರ ಬುದ್ಧಿಯನ್ನು ಎಂಥೆಂಥ ವಿಚಿತ್ರಗಳಿಗೆ ಇಳಿಸುತ್ತದೆ! ಒಂದೇ ಪ್ರಯಾಣದಲ್ಲಿ ಒಬ್ಬನಿಗೆ ಕಾಲು, ಇನ್ನು ಎಷ್ಟೋ ಜನರ ಮೇಲೆ ಬಾಂಬು.

ಅಮೆರಿಕದಲ್ಲಿ ಇದೇ ಹೊತ್ತಿಗೆ ಗಾಲಿಕುರ್ಚಿಯಲ್ಲಿದ್ದ ಒಬ್ಬ ವ್ಯಕ್ತಿ ರಾಷ್ಟ್ರಾಧ್ಯಕ್ಷನಾಗಿದ್ದ. ಫ್ರಾಂಕ್ಲಿನ್ ರೂಸ್‌ವೆಲ್ಟ್‌ಗೆ 1921ರಲ್ಲಿ ಪೋಲಿಯೋ ತಗಲಿ ಕಾಲುಗಳ ಬಲ ಹೋಗಿತ್ತು. 1943ರ ಜನವರಿಯಲ್ಲಿ ಕಾಸಾಬ್ಲಾಂಕಾ ಸಮ್ಮೇಳನಕ್ಕೆಂದು ಹಾರುವ ದೋಣಿಯೊಂದರಲ್ಲಿ ಅಟ್ಲಾಂಟಿಕ್ ದಾಟಿದ ಅವನು ಅಧಿಕಾರದಲ್ಲಿದ್ದಾಗಲೇ ವಿಮಾನ ಹತ್ತಿದ ಮೊದಲ ಅಮೆರಿಕನ್ ಅಧ್ಯಕ್ಷ. ಅಧ್ಯಕ್ಷ ಹೋದಲ್ಲೆಲ್ಲ ವಿಮಾನಕ್ಕೆ ಉದ್ದನೆಯ ಇಳಿಜಾರು ಹಲಗೆ ಹಾಕಬೇಕಾಗುತ್ತಿತ್ತು. ಹಲಗೆ ಕಂಡ ಕೂಡಲೇ ಬರುವವನು ಯಾರೆಂದು ಗೂಢಚಾರರಿಗೆ ಗೊತ್ತಾಗುತ್ತದೆ ಎಂಬ ಚಿಂತೆ ರಕ್ಷಣಾ ಸಿಬ್ಬಂದಿಯದು. ಅದಕ್ಕಾಗಿ ಒಂದು ಡಗ್ಲಸ್ ಸಿ-54 ವಿಮಾನದ ಹಿಂಭಾಗದಲ್ಲಿ ಬ್ಯಾಟರಿಯಿಂದ ನಡೆಯುವ ಲಿಫ್ಟ್ ಕೂರಿಸಿದರು. ಗಾಲಿಕುರ್ಚಿಯ ಸಮೇತ ಮನುಷ್ಯನನ್ನು ನೆಲದಿಂದ ನೇರ ವಿಮಾನದ ಒಳಕ್ಕೆ ಎತ್ತುವ ಲಿಫ್ಟು. 1945ರ ಫೆಬ್ರವರಿಯಲ್ಲಿ ಯಾಲ್ಟಾ ಸಮ್ಮೇಳನಕ್ಕೆ ಹೋಗಿ ಬರಲು ಅವನು ಅದನ್ನು ಬಳಸಿದ, ಏಪ್ರಿಲ್‌ನಲ್ಲಿ ತೀರಿಕೊಂಡ. 'ಸೇಕ್ರೆಡ್ ಕೌ' ಎಂಬ ಅಡ್ಡಹೆಸರಿನ ಆ ವಿಮಾನ ಈಗ ಡೇಟನ್‌ನ ವಾಯುಸೇನಾ ಸಂಗ್ರಹಾಲಯದಲ್ಲಿದೆ.

ಅಂದರೆ ತಂತ್ರಜ್ಞಾನ 1945ರಲ್ಲೇ ಇತ್ತು. ಮಡಚುವ ಗಾಲಿಕುರ್ಚಿ ಅದಕ್ಕೂ ಮೊದಲೇ ಬಂದಿತ್ತು. ಗಣಿ ಅಪಘಾತದಲ್ಲಿ ನಡೆಯುವ ಶಕ್ತಿ ಕಳೆದುಕೊಂಡ ಹರ್ಬರ್ಟ್ ಎವರೆಸ್ಟ್ ಎಂಬ ಇಂಜಿನಿಯರ್ ಮತ್ತು ಅವನ ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಸೇರಿ 1930ರ ದಶಕದ ಆರಂಭದಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅದನ್ನು ತಯಾರಿಸಿದ್ದರು. ಕಾರಿನಲ್ಲಿ ಹಾಕಿಕೊಂಡು ಹೋಗಲು ಬರಬೇಕೆಂಬುದೇ ಅವರ ಉದ್ದೇಶವಾಗಿತ್ತು. ಇಂದು ನಮ್ಮ ಆಸ್ಪತ್ರೆ, ನಿಲ್ದಾಣಗಳಲ್ಲಿ ಕಾಣುವ ಅಡ್ಡಪಟ್ಟಿಗಳ ಕುರ್ಚಿ ಅದರದೇ ಸಂತಾನ. ವಿಮಾನದ ಬಾಗಿಲಿಗೇ ಬಂದು ಅಂಟಿಕೊಳ್ಳುವ ಏರೋಬ್ರಿಜ್ 1959ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಂಥ ನಿಲ್ದಾಣಗಳಲ್ಲಿ ಬಂತು. ಅದನ್ನು ಮಾಡಿದ್ದು ಮಳೆಗಾಳಿಯಿಂದ ಶ್ರೀಮಂತ ಪ್ರಯಾಣಿಕರನ್ನು ಕಾಪಾಡಲು. ಮೆಟ್ಟಿಲು ಹತ್ತಲಾರದವರಿಗೆ ಅನುಕೂಲವಾದದ್ದು ಆಕಸ್ಮಿಕ. ಒಬ್ಬ ಅಧ್ಯಕ್ಷನಿಗೆ ಸಿಕ್ಕಿದ ಲಿಫ್ಟು ಸಾಮಾನ್ಯನಿಗೆ ಸಿಗಲು ಮಾತ್ರ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

ಅಮೆರಿಕದಲ್ಲಿ ಆ ಮೆಟ್ಟಿಲು ಹತ್ತಿದವರು ಯುದ್ಧದಲ್ಲಿ ಪಾರ್ಶ್ವವಾಯುವಿಗೆ ಒಳಗಾದ ಮಾಜಿ ಸೈನಿಕರು. 1973ರ ಪುನರ್ವಸತಿ ಕಾಯಿದೆಯಡಿ ಸರಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ವಿಕಲಚೇತನರ ವಿರುದ್ಧ ಭೇದ ಮಾಡುವಂತಿರಲಿಲ್ಲ. ಸರಕಾರ ಕಟ್ಟಿಸಿದ ನಿಲ್ದಾಣಗಳನ್ನು ಬಳಸುವ ವಿಮಾನ ಕಂಪೆನಿಗಳಿಗೂ ಇದು ಅನ್ವಯಿಸಬೇಕಲ್ಲವೇ ಎಂಬುದು ಅವರ ವಾದ. 1986ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇಲ್ಲ ಎಂದಿತು: ಹಣ ಹೋದದ್ದು ನಿಲ್ದಾಣಕ್ಕೆ, ಕಂಪೆನಿಗಲ್ಲ. ಸೈನಿಕರು ಸೋತರು. ಆದರೆ ನಾಲ್ಕೇ ತಿಂಗಳಲ್ಲಿ, ಅದೇ ವರ್ಷದ ಅಕ್ಟೋಬರ್‌ನಲ್ಲಿ, ವಿಮಾನ ಕಂಪೆನಿಗಳಿಗೆಂದೇ ಹೊಸ ಕಾಯಿದೆ ಬಂತು. ಅದರ ವಿವರವಾದ ನಿಯಮಗಳು ಬರಲು ಮಾತ್ರ 1990ರವರೆಗೆ ಕಾಯಬೇಕಾಯಿತು.

ಯುರೋಪಿನಲ್ಲಿ ಪ್ರಶ್ನೆ ಬಂದದ್ದು ದುಡ್ಡಿನ ರೂಪದಲ್ಲಿ. ಲಂಡನ್‌ನ ಸ್ಟಾನ್‌ಸ್ಟೆಡ್ ನಿಲ್ದಾಣದಲ್ಲಿ ರಯಾನ್‌ಏರ್ ಕಂಪೆನಿ ಬಾಬ್ ರಾಸ್ ಎಂಬ ಪ್ರಯಾಣಿಕರಿಂದ ಗಾಲಿಕುರ್ಚಿಗೆ 18 ಪೌಂಡು ಬಾಡಿಗೆ ವಸೂಲು ಮಾಡಿತ್ತು. ಅಗ್ಗದ ಟಿಕೆಟ್ಟಿಗಿಂತ ಕುರ್ಚಿಯೇ ದುಬಾರಿಯಾಗುವ ಸ್ಥಿತಿ. 2004ರಲ್ಲಿ ನ್ಯಾಯಾಲಯ ಇದು ಭೇದಭಾವವೆಂದು ತೀರ್ಪಿತ್ತಿತು. ಮೇಲ್ಮನವಿಯಲ್ಲಿ ಕಂಪೆನಿ ಮತ್ತು ನಿಲ್ದಾಣ ಎರಡೂ ಹೊಣೆಯೆಂದಾಯಿತು. ಕಂಪೆನಿ ಆಗ ಮಾಡಿದ್ದೇನು? ಎಲ್ಲ ಪ್ರಯಾಣಿಕರ ಟಿಕೆಟ್ಟಿಗೂ ಅರ್ಧ ಪೌಂಡು 'ಗಾಲಿಕುರ್ಚಿ ಶುಲ್ಕ' ಸೇರಿಸಿತು. ನಿಮ್ಮ ಟಿಕೆಟ್ಟು ಏರಿದ್ದು ಇವರಿಂದ ಎಂದು ಉಳಿದವರಿಗೆ ಬೆರಳು ತೋರಿಸುವ ಹುನ್ನಾರ ಇದರಲ್ಲಿತ್ತು ಎಂದು ನಮಗನಿಸುತ್ತದೆ. ಸ್ವಾರಸ್ಯವೆಂದರೆ, 2006ರಲ್ಲಿ ಅಂಗೀಕಾರವಾಗಿ 2008ರ ಜುಲೈನಿಂದ ಪೂರ್ತಿ ಜಾರಿಗೆ ಬಂದ ಯುರೋಪಿನ ನಿಯಮವೂ ಹೆಚ್ಚು ಕಡಿಮೆ ಇದೇ ಲೆಕ್ಕಾಚಾರವನ್ನು ಒಪ್ಪಿಕೊಂಡಿತು. ನೆರವು ಕೊಡುವುದು ನಿಲ್ದಾಣದ ಹೊಣೆ, ಅದರ ಖರ್ಚು ಎಲ್ಲ ಪ್ರಯಾಣಿಕರ ಮೇಲೆ ಹಂಚಿಕೆ. ಕಂಪೆನಿ ಮೂದಲಿಕೆಯಾಗಿ ಮಾಡಿದ್ದನ್ನು ಕಾನೂನು ನ್ಯಾಯವಾಗಿ ಮಾಡಿತು.

ಇನ್ನು ನಮ್ಮ ದೇಶಕ್ಕೆ ಬರೋಣ. ಇಲ್ಲಿ ಈ ಕಥೆಯನ್ನು ಜಾವೇದ್ ಆಬಿದಿ ಅವರ ಹೆಸರಿಲ್ಲದೆ ಹೇಳಲಾಗದು. ಅಲಿಗಢದಲ್ಲಿ ಹುಟ್ಟಿದ ಜಾವೇದ್‌ಗೆ ಜನ್ಮದಿಂದಲೇ ಬೆನ್ನುಹುರಿಯ ಸ್ಪೈನಾ ಬಿಫಿಡಾ ತೊಂದರೆ ಇತ್ತು, ಹದಿಹರೆಯದಲ್ಲೇ ಗಾಲಿಕುರ್ಚಿ ಹಿಡಿಯಬೇಕಾಯಿತು. ಪತ್ರಿಕೋದ್ಯಮ ಓದಲು ಅವರು ಹೋದದ್ದು ಅಮೆರಿಕದ ಡೇಟನ್‌ಗೆ. ಓದಿದ್ದು ರೈಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. ಹೌದು, ಆ ರೈಟ್ ಸೋದರರ ಹೆಸರಿನ ವಿಶ್ವವಿದ್ಯಾಲಯವೇ. ಅಲ್ಲಿನ ಕಟ್ಟಡಗಳ ನಡುವೆ ನೆಲದಡಿಯ ಸುರಂಗ ಮಾರ್ಗಗಳಿವೆ. ಗಾಲಿಕುರ್ಚಿಯವರು ಹಿಮ, ಮಳೆ, ಮೆಟ್ಟಿಲುಗಳ ಕಾಟವಿಲ್ಲದೆ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಬಹುದು. ಅಂಥ ಕಡೆ ಓದಿ ಭಾರತಕ್ಕೆ ಮರಳಿದ ತರುಣನಿಗೆ ಇಲ್ಲಿ ಎದುರಾದದ್ದು ಎಲ್ಲೆಲ್ಲೂ ಮೆಟ್ಟಿಲುಗಳೇ.

1995ರ ಡಿಸೆಂಬರ್‌ನಲ್ಲಿ ದೆಹಲಿಯ ಬೀದಿಗಿಳಿದು ಅಂಗವಿಕಲರ ಕಾಯಿದೆ ಅಂಗೀಕಾರವಾಗುವಂತೆ ಒತ್ತಡ ತಂದವರಲ್ಲಿ ಜಾವೇದ್ ಮುಂಚೂಣಿಯಲ್ಲಿದ್ದರು. ಆ ಕಾಯಿದೆಯಲ್ಲಿ ವಿಮಾನಗಳ ಪ್ರಸ್ತಾಪವೂ ಇತ್ತು. ಆದರೆ ಪಕ್ಕದಲ್ಲೇ 'ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ' ಎಂಬ ಮಾತೂ ಇತ್ತು. ನಮ್ಮ ಕಾಯಿದೆಗಳಲ್ಲಿ ಬಲಗೈ ಕೊಟ್ಟದ್ದನ್ನು ಎಡಗೈ ಕಸಿಯುವ ಇಂಥ ಪದಗುಚ್ಛಗಳು ಎಷ್ಟೋ. ಆ ಕಾಲದಲ್ಲಿ ಗಾಲಿಕುರ್ಚಿಯ ಪ್ರಯಾಣಿಕರನ್ನು ಇಬ್ಬರು ಸಿಬ್ಬಂದಿ ತೋಳಿನ ಮೇಲೆ ಎತ್ತಿಕೊಂಡು ಏಣಿ ಹತ್ತಿಸುವುದೇ ರೂಢಿ. ಎತ್ತುವವರಿಗೆ ತರಬೇತಿಯಿಲ್ಲ, ಎತ್ತಿಸಿಕೊಳ್ಳುವವರಿಗೆ ಮಾನವಿಲ್ಲ. ಹೆಣ್ಣುಮಕ್ಕಳ ಪಾಡನ್ನು ಹೇಳಬೇಕಾಗಿಲ್ಲ. ಜಾವೇದ್ ತಾವೇ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿಗೆ ಹೋದರು. ಓಣಿಯಲ್ಲಿ ಸಾಗುವ ಕಿರಿದಾದ ಕುರ್ಚಿ, ಪ್ರಯಾಣಿಕರನ್ನು ಕುರ್ಚಿ ಸಮೇತ ಎತ್ತುವ ಆಂಬುಲಿಫ್ಟ್, ಟಿಕೆಟ್ ದರದಲ್ಲಿ ರಿಯಾಯಿತಿ ಇವೆಲ್ಲ ಆ ಅರ್ಜಿಯ ವಿಷಯಗಳಾಗಿದ್ದವು.

1998ರ ಡಿಸೆಂಬರ್ 17ರಂದು ತೀರ್ಪು ಬಂತು. ರೈಟ್ ಸೋದರರು ಮೊದಲು ಹಾರಿದ ತಾರೀಕೇ ಅದು ಎಂಬುದು ಕಾಕತಾಳೀಯ. ಆಗಿನ ಇಂಡಿಯನ್ ಏರ್‌ಲೈನ್ಸ್ ಅಂಧ ಪ್ರಯಾಣಿಕರಿಗೆ ರಿಯಾಯಿತಿ ಕೊಡುತ್ತಿತ್ತು, ಕಾಲಿಲ್ಲದವರಿಗೆ ಕೊಡುತ್ತಿರಲಿಲ್ಲ. ಶೇ. 80 ಅಥವಾ ಅದಕ್ಕಿಂತ ಹೆಚ್ಚು ಚಲನವೈಕಲ್ಯವಿರುವವರಿಗೂ ಅದೇ ರಿಯಾಯಿತಿ ಕೊಡಬೇಕೆಂದು ನ್ಯಾಯಾಲಯ ಹೇಳಿತು. ದೂರದ ಊರುಗಳಿಗೆ ರೈಲಿನಲ್ಲಿ ಹೋಗುವಾಗ ಇಂಥವರು ಪಡುವ ಪಾಡನ್ನು ಅದು ಗಮನಕ್ಕೆ ತೆಗೆದುಕೊಂಡಿತ್ತು. ಕಾಲಿಗೆ ತೊಂದರೆಯಿದ್ದವನಿಗೆ ವಿಮಾನವು ವಿಲಾಸವಲ್ಲ, ಅವಶ್ಯಕತೆ ಎಂಬುದನ್ನು ನಮ್ಮ ನ್ಯಾಯಾಲಯ ಒಪ್ಪಿದ್ದು ಇಲ್ಲಿ. ಜಾವೇದ್ ಅಷ್ಟಕ್ಕೇ ನಿಲ್ಲಲಿಲ್ಲ. 2001ರಲ್ಲಿ ವಿಜ್ಞಾನಿ ಸ್ಟೀಫನ್ ಹಾಕಿಂಗ್ ದೆಹಲಿಗೆ ಬಂದಾಗ ಕುತುಬ್ ಮಿನಾರ್ ಮುಂತಾದ ಸ್ಮಾರಕಗಳಿಗೆ ಮರದ ಇಳಿಜಾರು ಹಾಕಿಸುವಲ್ಲಿಯೂ ಅವರ ಹಟವಿತ್ತು. 2018ರ ಮಾರ್ಚ್‌ನಲ್ಲಿ ತೀರಿಕೊಂಡರು. ಕನ್ನಡ ಪತ್ರಿಕೆಗಳಲ್ಲಿ ಅವರ ಬಗ್ಗೆ ಬರೆದದ್ದು ತೀರಾ ಕಡಿಮೆ.

2007ರಲ್ಲಿ ಭಾರತ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಅನುಮೋದಿಸಿತು. 2008ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ನಿಯಮ ಹೊರಡಿಸಿತು: ಅಂಗವೈಕಲ್ಯದ ಕಾರಣಕ್ಕೆ ಯಾರಿಗೂ ಪ್ರಯಾಣ ನಿರಾಕರಿಸುವಂತಿಲ್ಲ. ಕಾಗದದ ಮೇಲೆ ಸೊಗಸಾಗಿತ್ತು. 2012ರ ಫೆಬ್ರವರಿ 19ರಂದು ಕೋಲ್ಕತ್ತದಿಂದ ಗೋವಾಕ್ಕೆ, ಅದೂ ವಿಕಲಚೇತನರ ಸಮ್ಮೇಳನಕ್ಕೆ, ಹೊರಟಿದ್ದ ಜೀಜಾ ಘೋಷ್ ಅವರನ್ನು ಸ್ಪೈಸ್‌ಜೆಟ್ ವಿಮಾನದ ಆಸನದಿಂದ ಎಬ್ಬಿಸಿ ಕೆಳಗಿಳಿಸಲಾಯಿತು. ಸೆರೆಬ್ರಲ್ ಪಾಲ್ಸಿಯಿರುವ, ಆದರೆ ಎಷ್ಟೋ ಸಲ ಒಂಟಿಯಾಗಿ ಪ್ರಯಾಣ ಮಾಡಿದ್ದ ಮಹಿಳೆ ಅವರು. ಈ ಪ್ರಕರಣದ ನಂತರ ಸಮಿತಿಯಾಯಿತು, 2014ರಲ್ಲಿ ನಿಯಮಗಳ ಪರಿಷ್ಕರಣೆಯಾಯಿತು, 2016ರ ಮೇ 12ರಂದು ಸುಪ್ರೀಂ ಕೋರ್ಟ್ ಅವರಿಗೆ ಹತ್ತು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. 2022ರ ಮೇ ತಿಂಗಳಲ್ಲಿ ರಾಂಚಿಯಲ್ಲಿ ಒಬ್ಬ ವಿಕಲಚೇತನ ಬಾಲಕನನ್ನು ಹತ್ತಿಸಿಕೊಳ್ಳಲು ಇಂಡಿಗೋ ನಿರಾಕರಿಸಿತು, ಐದು ಲಕ್ಷ ದಂಡ ತೆತ್ತಿತು. ವೈದ್ಯರ ಅಭಿಪ್ರಾಯ ಕೇಳದೆ ಯಾರನ್ನೂ ಹಿಂದಕ್ಕೆ ಕಳಿಸಬಾರದೆಂಬ ತಿದ್ದುಪಡಿ ಅದಾದ ಮೇಲೆ ಬಂತು. ನಮ್ಮಲ್ಲಿ ಒಂದೊಂದು ನಿಯಮದ ಹಿಂದೆಯೂ ಹೀಗೆ ಯಾರದೋ ಅವಮಾನವಿದೆ.

ಭದ್ರತಾ ತಪಾಸಣೆಯದು ಇನ್ನೊಂದು ಕಥೆ. ವಿಮಾನ ಅಪಹರಣಗಳು ಹೆಚ್ಚಿ 1973ರಲ್ಲಿ ಅಮೆರಿಕದಲ್ಲಿ ಎಲ್ಲ ಪ್ರಯಾಣಿಕರ ತಪಾಸಣೆ ಕಡ್ಡಾಯವಾಯಿತು, ಕ್ರಮೇಣ ಎಲ್ಲೆಡೆ ಲೋಹಶೋಧಕದ ಬಾಗಿಲುಗಳು ಬಂದವು. ಕಾಲಿನೊಳಗೆ ಉಕ್ಕಿನ ಸರಳು ಹಾಕಿಸಿಕೊಂಡವರು, ಕೃತಕ ಕಾಲಿನವರು ಅಂದಿನಿಂದ ಶಂಕಿತರಾದರು. ನಮ್ಮಲ್ಲಿ ಲಕ್ಷಾಂತರ ಮಂದಿ ಧರಿಸಿರುವ ಜೈಪುರ ಕಾಲು 1968ರ ಸುಮಾರಿಗೆ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ವೈದ್ಯ ಪಿ.ಕೆ. ಸೇಠಿ ಸೇರಿ ರೂಪಿಸಿದ್ದು. ಅದರ ಪಾದ ರಬ್ಬರಿನದು. ಗದ್ದೆಯಲ್ಲಿ ಇಳಿಯಬಹುದು, ಚಕ್ಕಳ ಬಕ್ಕಳ ಹಾಕಿ ಕೂರಬಹುದು, ನಮಾಜಿಗೆ ಮಂಡಿಯೂರಬಹುದು. ಅದನ್ನು ತೊಟ್ಟು ಮತ್ತೆ ನೃತ್ಯ ಮಾಡಿ 'ಮಯೂರಿ' ಚಿತ್ರದಲ್ಲಿ ತನ್ನ ಬದುಕನ್ನೇ ಅಭಿನಯಿಸಿದ ಸುಧಾ ಚಂದ್ರನ್ ಓದುಗರಿಗೆ ನೆನಪಿರಬಹುದು. 1981ರ ಬಸ್ ಅಪಘಾತದಲ್ಲಿ ಅವರ ಬಲಗಾಲು ಹೋಗಿತ್ತು. 2021ರ ಅಕ್ಟೋಬರ್‌ನಲ್ಲಿ ಅವರು ಪ್ರಧಾನಿಯನ್ನು ಉದ್ದೇಶಿಸಿ ಒಂದು ವಿಡಿಯೋ ಹೊರಬಿಟ್ಟರು. ಪ್ರತಿ ಸಲ ವಿಮಾನ ನಿಲ್ದಾಣದಲ್ಲಿ ಕಾಲು ಬಿಚ್ಚಿ ತೋರಿಸಬೇಕೇ ಎಂಬುದು ಅವರ ಪ್ರಶ್ನೆ. ಭದ್ರತಾ ಪಡೆ ಕ್ಷಮೆ ಕೇಳಿತು. ಅದೇ ಡಿಸೆಂಬರ್‌ನಲ್ಲಿ, ಜೀಜಾ ಘೋಷ್ ಪ್ರಕರಣದ ಮುಂದುವರಿದ ವಿಚಾರಣೆಯಲ್ಲಿ, ಕೃತಕ ಅಂಗವನ್ನು ಕಳಚಲು ಹೇಳಬಾರದೆಂದೂ ಒಪ್ಪಿಗೆಯಿಲ್ಲದೆ ಯಾರನ್ನೂ ಕೈಯಲ್ಲಿ ಎತ್ತಬಾರದೆಂದೂ ಸುಪ್ರೀಂ ಕೋರ್ಟ್ ಹೇಳಿತು. ಪ್ರಸಿದ್ಧ ನಟಿಯ ಪ್ರಶ್ನೆಗೆ ಕ್ಷಮೆ ಸಿಕ್ಕಿತು. ಆದರೆ ಅದೇ ಸರತಿಯಲ್ಲಿ ಎಷ್ಟೋ ವರ್ಷಗಳಿಂದ ಕಾಲು ಬಿಚ್ಚಿ ಟ್ರೇಯಲ್ಲಿಟ್ಟ ಕೂಲಿಕಾರ, ರೈತ, ಮಾಜಿ ಸೈನಿಕನ ಪ್ರಶ್ನೆ ಯಾರಿಗೂ ಕೇಳಿಸಿರಲಿಲ್ಲ.

ಶಾಶ್ವತ ಊನವಿಲ್ಲದೆ, ಬರೀ ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರ ವಿಷಯವನ್ನೂ ಇಲ್ಲಿ ಹೇಳಬೇಕು. ಏಕೆಂದರೆ ಕರಾವಳಿ ಕರ್ನಾಟಕದ ಮನೆಗಳಿಗೆ ಇದು ದೂರದ ಮಾತಲ್ಲ. ಕೊಲ್ಲಿ ರಾಷ್ಟ್ರಗಳಲ್ಲಿ ಕಟ್ಟಡದ ಕೆಲಸ, ಗೋದಾಮಿನ ಕೆಲಸ, ವಾಹನ ಚಾಲನೆ ಮಾಡುವ ನಮ್ಮ ಹುಡುಗರು ಕಾಲು ಮುರಿದುಕೊಂಡು ಊರಿಗೆ ಮರಳುವುದಿದೆ. ಪ್ಲಾಸ್ಟರ್ ಹಾಕಿದ ಕೂಡಲೇ ವಿಮಾನ ಹತ್ತುವಂತಿಲ್ಲ. ಮೇಲೆ ಹೋದಂತೆ ವಿಮಾನದೊಳಗಿನ ಗಾಳಿಯ ಒತ್ತಡ ಕಡಿಮೆಯಾಗಿ ಪ್ಲಾಸ್ಟರಿನೊಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗುತ್ತದೆ. ಹೊಸ ಪೆಟ್ಟಾದ್ದರಿಂದ ಕಾಲೂ ಊದಿಕೊಳ್ಳುತ್ತದೆ. ಬಿಗಿಯಾದ ಪ್ಲಾಸ್ಟರಿನೊಳಗೆ ರಕ್ತ ಸಂಚಾರ ನಿಂತರೆ ಕಾಲಿಗೇ ಅಪಾಯ. ಅದಕ್ಕಾಗಿ ಎರಡು ಗಂಟೆಯೊಳಗಿನ ಪ್ರಯಾಣಕ್ಕೆ 24 ಗಂಟೆ, ಅದಕ್ಕಿಂತ ದೀರ್ಘ ಪ್ರಯಾಣಕ್ಕೆ 48 ಗಂಟೆ ಕಾಯಬೇಕೆಂಬುದು ಸಾಮಾನ್ಯವಾಗಿ ಪಾಲಿಸುವ ಸೂಚನೆ. ತುರ್ತಿದ್ದರೆ ಪ್ಲಾಸ್ಟರನ್ನು ಉದ್ದಕ್ಕೆ ಸೀಳಿಸಿಕೊಳ್ಳಬೇಕು. ಕಾಲು ಆಡಿಸದೆ ಕುಳಿತರೆ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಭಯವೂ ಇದೆ. ಬೋಸ್ಟನ್ನಿನ ಶಸ್ತ್ರವೈದ್ಯ ಜಾನ್ ಹೋಮನ್ಸ್ ದೀರ್ಘಕಾಲ ಕುಳಿತವರಲ್ಲಿ, ವಿಮಾನದಲ್ಲಿ ಕುಳಿತವರಲ್ಲೂ, ಇದನ್ನು ಗುರುತಿಸಿ 1954ರಲ್ಲೇ ಬರೆದಿದ್ದರು. ಮುರಿದ ಕಾಲಿನವರಲ್ಲಿ ಈ ಅಪಾಯ ಹೆಚ್ಚು, ಆದ್ದರಿಂದ ವೈದ್ಯರನ್ನು ಕೇಳದೆ ಹೊರಡಬಾರದು. ಸ್ಟ್ರೆಚರ್‌ನಲ್ಲೇ ಮಲಗಿ ಬರಬೇಕಾದವರ ಕಷ್ಟ ಬೇರೆ. ಹಲವು ಆಸನಗಳನ್ನು ಮಡಚಿ ಅದರ ಮೇಲೆ ಸ್ಟ್ರೆಚರ್ ಕೂರಿಸುತ್ತಾರೆ, ಅಷ್ಟೂ ಆಸನಗಳ ಹಣ ಕಟ್ಟಬೇಕು. ದಿನಗೂಲಿಯವನ ಹಲವು ತಿಂಗಳ ಸಂಬಳ ಒಂದು ರಾತ್ರಿಯ ಪ್ರಯಾಣಕ್ಕೆ ಹೋಗುತ್ತದೆ. ಇಂಥ ಹೊತ್ತಿನಲ್ಲಿ ಕೊಲ್ಲಿಯ ಅನಿವಾಸಿ ಕನ್ನಡಿಗರ ಕೂಟಗಳು ಚಂದಾ ಎತ್ತಿ ಊರಿಗೆ ಕಳಿಸಿದ್ದನ್ನು ನಾವೆಲ್ಲ ಕೇಳಿದ್ದೇವೆ.

ಹಜ್ ಯಾತ್ರೆಯೂ ಇದಕ್ಕೆ ಹೊರತಲ್ಲ. ಮುಂಬಯಿಯಿಂದ ಜಿದ್ದಾಕ್ಕೆ ಹೋಗುತ್ತಿದ್ದ ಯಾತ್ರಾ ಹಡಗು 1995ರಲ್ಲಿ ನಿಂತ ಮೇಲೆ ಎಲ್ಲರಿಗೂ ವಿಮಾನವೇ ಗತಿ. ಜೀವಮಾನವಿಡೀ ದುಡಿದು ಹಣ ಕೂಡಿಟ್ಟು ಹೊರಡುವ ಹೊತ್ತಿಗೆ ಮೊಣಕಾಲು ಸವೆದಿರುತ್ತದೆ. ಪ್ರವಾದಿಯವರ ಪತ್ನಿ ಉಮ್ಮು ಸಲಮಾ ಅಸ್ವಸ್ಥರಾಗಿದ್ದಾಗ ಸವಾರಿಯಲ್ಲೇ ಜನರ ಹಿಂದಿನಿಂದ ತವಾಫ್ ಮಾಡುವಂತೆ ಅವರಿಗೆ ಹೇಳಲಾಯಿತೆಂದು ಹದೀಸ್‌ಗಳಲ್ಲಿ ಬಂದಿದೆ. ಕಾಬಾದ ಸುತ್ತ ನಡೆಯಲಾಗದವರಿಗೆ ಆ ಕಾಲದಿಂದಲೂ ದಾರಿಯಿದೆ. ಕಷ್ಟವಿರುವುದು ಅಲ್ಲಿಗೆ ತಲುಪುವ ದಾರಿಯಲ್ಲಿ.

ಗಾಲಿಕುರ್ಚಿ ಬೇಕೆಂದರೆ ವಿಮಾನ ಕಂಪೆನಿಗಳು ಪ್ರಯಾಣಿಕರನ್ನು ಮೂರು ಅಕ್ಷರಗಳಲ್ಲಿ ವಿಂಗಡಿಸುತ್ತವೆ. ಆರ್ ಎಂದರೆ ಮೆಟ್ಟಿಲು ಹತ್ತಬಲ್ಲವರು, ದೂರ ನಡೆಯಲಾರದವರು. ಎಸ್ ಎಂದರೆ ಮೆಟ್ಟಿಲು ಹತ್ತಲಾರದವರು, ಒಳಗೆ ಆಸನದವರೆಗೆ ನಡೆಯಬಲ್ಲವರು. ಸಿ ಎಂದರೆ ಆಸನದವರೆಗೂ ಒಯ್ಯಬೇಕಾದವರು. ಟಿಕೆಟ್ ತೆಗೆಯುವಾಗಲೇ ಸರಿಯಾದ ಅಕ್ಷರ ಬರೆಸಿಕೊಳ್ಳದಿದ್ದರೆ ಏಣಿಯ ಬುಡದಲ್ಲಿ ಪೇಚಾಟ ತಪ್ಪಿದ್ದಲ್ಲ. ಈ ಮೂರರಲ್ಲೂ ಸೇರದ ನಾಲ್ಕನೆಯ ವರ್ಗವೊಂದು ನಮ್ಮ ದೇಶದಲ್ಲಿದೆ. ಮಕ್ಕಳನ್ನು ನೋಡಲು ದುಬೈಗೋ ಅಮೆರಿಕಕ್ಕೋ ಮೊದಲ ಸಲ ಹೊರಟ ಊರಿನ ಅಜ್ಜ ಅಜ್ಜಿಯರು. ಅವರಿಗೆ ಇಂಗ್ಲಿಷ್ ಬಾರದು, ಫಲಕ ಓದಲಾಗದು, ಗೇಟ್ ಎಲ್ಲಿದೆಯೋ ತಿಳಿಯದು. ಮಗ ಟಿಕೆಟ್ಟಿನಲ್ಲಿ ಗಾಲಿಕುರ್ಚಿ ಬರೆಸಿಬಿಡುತ್ತಾನೆ, ಕುರ್ಚಿ ತಳ್ಳುವವನೇ ದಾರಿ ತೋರಿಸಲಿ ಎಂದು. ಇದು ದುರುಪಯೋಗವೆಂದು ಕಂಪೆನಿಗಳು ಗೊಣಗುತ್ತವೆ. ನಿಜವಾಗಿ ಬೇಕಾದವರಿಗೆ ಕುರ್ಚಿ ಸಿಗುವುದಿಲ್ಲ ಎಂಬ ಮಾತಿನಲ್ಲಿ ಸತ್ಯವೂ ಇದೆ. ಆದರೆ ಆ ಅಜ್ಜಿಗೆ ಬೇಕಾಗಿದ್ದದ್ದು ಕುರ್ಚಿಯಲ್ಲ, ಕನ್ನಡದಲ್ಲೋ ಬ್ಯಾರಿಯಲ್ಲೋ ತುಳುವಿನಲ್ಲೋ ಮಾತಾಡಿ ಗೇಟಿನವರೆಗೆ ಜೊತೆಗೆ ಬರುವ ಒಬ್ಬ ಮನುಷ್ಯ. ಅಂಥವರನ್ನು ನೇಮಿಸುವುದು ಅಷ್ಟು ಕಷ್ಟವೇ?

ಈ ಕೊರತೆಯ ಬೆಲೆ ಏನೆಂಬುದು 2024ರ ಫೆಬ್ರವರಿ 12ರಂದು ಗೊತ್ತಾಯಿತು. ನ್ಯೂಯಾರ್ಕ್‌ನಿಂದ ಏರ್ ಇಂಡಿಯಾ ವಿಮಾನದಲ್ಲಿ ಮುಂಬಯಿಗೆ ಬಂದಿಳಿದ ವೃದ್ಧ ದಂಪತಿ ಎರಡು ಗಾಲಿಕುರ್ಚಿ ಕೇಳಿದ್ದರು, ಸಿಕ್ಕಿದ್ದು ಒಂದು. ಹೆಂಡತಿಯನ್ನು ಅದರಲ್ಲಿ ಕೂರಿಸಿ ಮುದುಕ ಪಕ್ಕದಲ್ಲಿ ನಡೆದರು. ವಲಸೆ ತಪಾಸಣೆಯ ಹತ್ತಿರ ಕುಸಿದು ಬಿದ್ದವರು ಬದುಕಲಿಲ್ಲ. ಇನ್ನೊಂದು ಕುರ್ಚಿ ಬರುವವರೆಗೆ ಕಾಯಲು ಹೇಳಿದ್ದೆವು, ಅವರು ಹೆಂಡತಿಯ ಜೊತೆ ನಡೆಯುವುದನ್ನೇ ಆರಿಸಿಕೊಂಡರು ಎಂದು ಕಂಪೆನಿ ಹೇಳಿತು. ನಿರ್ದೇಶನಾಲಯ 30 ಲಕ್ಷ ರೂಪಾಯಿ ದಂಡ ಹಾಕಿತು.

ಸ್ವಂತ ಗಾಲಿಕುರ್ಚಿ ಇದ್ದವರ ಪಾಡು ಇದಕ್ಕಿಂತ ಸುಲಭವೇನೂ ಅಲ್ಲ. ಬಸ್ಸು, ರೈಲುಗಳಲ್ಲಿ ಕುರ್ಚಿಯ ಮೇಲೆ ಕುಳಿತೇ ಹೋಗುವ ಸೌಕರ್ಯ ಹಲವು ದೇಶಗಳಲ್ಲಿದೆ. ವಿಮಾನದಲ್ಲಿ ಮಾತ್ರ ಕುರ್ಚಿಯನ್ನು ಬಾಗಿಲಲ್ಲೇ ಒಪ್ಪಿಸಿ ಸೂಟ್‌ಕೇಸುಗಳ ಜೊತೆ ಕೆಳಗೆ ಕಳಿಸಬೇಕು. ವಿದ್ಯುತ್ ಕುರ್ಚಿಯಾದರೆ ಬ್ಯಾಟರಿಯ ಜಾತಿ ಕೇಳುತ್ತಾರೆ, ಲಿಥಿಯಂ ಆದರೆ ಬೆಂಕಿಯ ಭಯಕ್ಕೆ ಬೇರೆಯೇ ನಿಯಮ. ಇಳಿದಾಗ ಕುರ್ಚಿ ಮುರಿದಿದ್ದರೆ ಅದು ಸೂಟ್‌ಕೇಸು ಹರಿದಂತಲ್ಲ, ಎರಡನೆಯ ಸಲ ಕಾಲು ಮುರಿದಂತೆ. ಅಮೆರಿಕದ ಕಂಪೆನಿಗಳು 2018ರ ಕೊನೆಯಿಂದ ಇದರ ಲೆಕ್ಕ ಕೊಡಬೇಕಾಗಿ ಬಂತು. 2023ರ ಒಂದೇ ವರ್ಷದಲ್ಲಿ ಅವು ಹಾಳುಮಾಡಿದ, ತಡಮಾಡಿದ ಅಥವಾ ಕಳೆದುಹಾಕಿದ ಗಾಲಿಕುರ್ಚಿ ಮತ್ತು ಸ್ಕೂಟರ್‌ಗಳು 11 ಸಾವಿರಕ್ಕೂ ಹೆಚ್ಚು. ಲಾಸ್ ಏಂಜಲೀಸ್‌ನ ಹೋರಾಟಗಾರ್ತಿ ಎಂಗ್ರಾಸಿಯಾ ಫಿಗೆರೋವಾ ಅವರ, ದೇಹಕ್ಕೆ ಅಳತೆ ಮಾಡಿ ತಯಾರಿಸಿದ್ದ ಕುರ್ಚಿ 2021ರ ಜುಲೈನಲ್ಲಿ ಪ್ರಯಾಣದಲ್ಲಿ ಮುರಿಯಿತು. ಹೊಂದದ ಬದಲಿ ಕುರ್ಚಿಯಲ್ಲಿ ಕುಳಿತು ಅವರ ಮೈಯಲ್ಲಿ ಹುಣ್ಣುಗಳಾದವು. ಅದೇ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಸಾವಿಗೆ ಆ ಹುಣ್ಣುಗಳೇ ಕಾರಣವೆಂದು ಅವರ ಸಂಗಾತಿಗಳು ಹೇಳಿದರು.

2023ರ ಜೂನ್‌ನಲ್ಲಿ ಜರ್ಮನಿಯ ಹ್ಯಾಂಬರ್ಗ್‌ನ ಪ್ರದರ್ಶನವೊಂದರಲ್ಲಿ ಒಂದು ಮಾದರಿ ಆಸನವನ್ನು ತೋರಿಸಲಾಯಿತು. ಡೆಲ್ಟಾ ವಿಮಾನ ಕಂಪೆನಿಯ ಅಂಗಸಂಸ್ಥೆಯೊಂದು ಬ್ರಿಟನ್ನಿನ ತಂತ್ರಜ್ಞರ ಗುಂಪಿನೊಂದಿಗೆ ಸೇರಿ ತಯಾರಿಸಿದ್ದು ಅದು. ಆಸನದ ಕೆಳಭಾಗವನ್ನು ಮೇಲಕ್ಕೆ ಮಡಚಿದರೆ ಅಲ್ಲಿ ಪ್ರಯಾಣಿಕರ ಸ್ವಂತ ವಿದ್ಯುತ್ ಗಾಲಿಕುರ್ಚಿಯನ್ನೇ ನಿಲ್ಲಿಸಿ ಬಿಗಿಯಬಹುದು. ಕುರ್ಚಿ ಬೇಡದ ದಿನ ಅದು ಎಲ್ಲರ ಆಸನದಂತೆಯೇ ಇರುತ್ತದೆ. ಪರೀಕ್ಷೆ, ಪರವಾನಗಿಗಳ ಹಾದಿ ಉದ್ದವಿದೆ ಎಂದು ತಯಾರಕರು ಆಗಲೇ ಹೇಳಿದ್ದರು.